ಕ್ಯಾನ್ಸರ್ ಕೋಶ ನಡೆಯುವುದು ಹೇಗೆ? ಕೋಶದೊಳಗಿನ ಹಂದರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿಯಲ್ಲಿ ಡಿಗ್ರಿ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಕೋಶದ ಪಾಠ ನಡೆದಾಗ ಮಕ್ಕಳು ಒಂದು ಥರದ ಪ್ರಶ್ನೆ ಕೇಳುತ್ತಾರೆ. ಓಣಿಯವರು, ಬೀಗರು, ಆಳಂದ-ಸೇಡಂ ಕಡೆಯಿಂದ ಆಸ್ಪತ್ರೆಗೆ ಬಂದ ಪರಿಚಯದವರು ಕೈಯಲ್ಲಿ ರಿಪೋರ್ಟ್ ಹಿಡಿದುಕೊಂಡು ಇನ್ನೊಂದು ಥರದ ಪ್ರಶ್ನೆ ಕೇಳುತ್ತಾರೆ. ಎಷ್ಟೋ ಸಲ ಎರಡಕ್ಕೂ ಉತ್ತರ ಇರುವುದು ಕೋಶದೊಳಗಿನ ಎಳೆಗಳಲ್ಲೇ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ. ಚಿಕಿತ್ಸೆಯ ಮಾತನ್ನು ನಿಮ್ಮ ಡಾಕ್ಟರ್ ಮುಂದೆ ಕೂತು ಕೇಳಲೇಬೇಕು.

ಕೋಶಕ್ಕೂ ಎಲುಬು ಇರುತ್ತದಾ?

ಎಲುಬು ಇರುವುದಿಲ್ಲ, ಎಳೆಗಳಿರುತ್ತವೆ. ಎಲ್ಲವೂ ಪ್ರೋಟೀನಿನವು. ಮೂರು ಜಾತಿ. ಆಕ್ಟಿನ್ ಎಲ್ಲಕ್ಕಿಂತ ತೆಳು, ಸುಮಾರು 7 ನ್ಯಾನೋಮೀಟರ್. ಮೈಕ್ರೋಟ್ಯೂಬ್ಯೂಲ್ ಎಲ್ಲಕ್ಕಿಂತ ದಪ್ಪ, ಸುಮಾರು 25 ನ್ಯಾನೋಮೀಟರ್, ಒಳಗೆ ಟೊಳ್ಳು. ಇವೆರಡರ ನಡುವೆ ಸುಮಾರು 10 ನ್ಯಾನೋಮೀಟರಿನ ಇಂಟರ್ಮೀಡಿಯೆಟ್ ಎಳೆಗಳು. ಕೆರಾಟಿನ್, ವೈಮೆಂಟಿನ್ ಎಂಬ ಹೆಸರು ಕೇಳಿದ್ದರೆ, ಅವು ಈ ಜಾತಿಯವೇ. ಒಂದು ಮಿಲಿಮೀಟರ್ ಅಂದರೆ ಹತ್ತು ಲಕ್ಷ ನ್ಯಾನೋಮೀಟರ್. ಇವು ಎಷ್ಟು ಸಣ್ಣವು ಅಂತ ಇದರಿಂದ ಅಂದಾಜು ಸಿಗುತ್ತದೆ.

ಎಲುಬಿಗೂ ಇವಕ್ಕೂ ದೊಡ್ಡ ಫರಕು ಏನಂದರೆ, ಈ ಎಳೆಗಳು ನಿಂತಲ್ಲಿ ನಿಲ್ಲುವುದಿಲ್ಲ. ಗೌಂಡಿಗಳು ಹಿಂದಿನ ಗೋಡೆಯ ಸಾರವೆ ಬಿಚ್ಚಿ, ಅದೇ ಬೊಂಬುಗಳನ್ನು ತಂದು ಮುಂದಿನ ಗೋಡೆಗೆ ಕಟ್ಟುತ್ತಾರಲ್ಲ, ಹಾಗೆ ಕೋಶ ತನ್ನ ಆಕ್ಟಿನ್ ಎಳೆಗಳನ್ನು ಹಿಂದೆ ಬಿಚ್ಚುತ್ತಾ ಮುಂದೆ ಕಟ್ಟುತ್ತಾ ಇರುತ್ತದೆ. ನಡೆಯುವ ಕೋಶದ ಮುಂದಿನ ಅಂಚಿನಲ್ಲಿ ಈ ಕೆಲಸ ಎಷ್ಟು ಜೋರಾಗಿರುತ್ತದೆ ಅಂದರೆ, ಕೆಲವೇ ನಿಮಿಷದಲ್ಲಿ ಅಲ್ಲಿನ ಎಳೆಗಳೆಲ್ಲ ಹೊಸದಾಗಿಬಿಡುತ್ತವೆ.

ಎಳೆಗಳಿಂದ ಕೋಶ ನಡೆಯುವುದು ಹೇಗೆ?

ಇದನ್ನು ನೋಡಲು ಲ್ಯಾಬಿನಲ್ಲಿ ಒಂದು ಸುಲಭದ ಪ್ರಯೋಗ ಇದೆ. ಪ್ಲಾಸ್ಟಿಕ್ ತಟ್ಟೆಯ ತಳದಲ್ಲಿ ಕೋಶಗಳನ್ನು ಒಂದಕ್ಕೊಂದು ಅಂಟಿಕೊಳ್ಳುವಷ್ಟು ಬೆಳೆಸುತ್ತಾರೆ. ಆಮೇಲೆ ಪಿಪೆಟ್ಟಿನ ತುದಿಯಿಂದ ನಟ್ಟನಡುವೆ ಒಂದು ಗೀರು ಎಳೆಯುತ್ತಾರೆ. ಗೀರಿದ ಜಾಗ ಖಾಲಿಯಾಗುತ್ತದೆ. ತಟ್ಟೆಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಕೆಲವು ನಿಮಿಷಕ್ಕೊಂದು ಫೋಟೋ ತೆಗೆಯುತ್ತಾ ಹೋಗುತ್ತಾರೆ. ಆ ಫೋಟೋಗಳನ್ನು ಜೋಡಿಸಿ ಓಡಿಸಿದರೆ ಮೊದಲು ಕಾಣುವುದು ಗೀರಿನ ಅಂಚಿನ ಕೋಶಗಳು. ಖಾಲಿ ಜಾಗದ ಕಡೆಗೆ ತೆಳ್ಳನೆಯ, ಹೆಚ್ಚುಕಡಿಮೆ ಪಾರದರ್ಶಕವಾದ ಒಂದು ಪದರ ಹೊರಗೆ ಚಾಚುತ್ತದೆ. ಅದರ ತುದಿ ಅಲುಗಾಡುತ್ತಿರುತ್ತದೆ, ಒಮ್ಮೊಮ್ಮೆ ಮೇಲಕ್ಕೆ ಮಡಚಿ ಹಿಂದೆ ಸರಿಯುತ್ತದೆ, ಮತ್ತೆ ಚಾಚುತ್ತದೆ. ಕೋಶದ ನಡುಭಾಗ ತಡವಾಗಿ ಹಿಂಬಾಲಿಸುತ್ತದೆ. ಬಾಲದ ತುದಿ ತಟ್ಟೆಗೆ ಅಂಟಿಯೇ ಇರುತ್ತದೆ, ಎಳೆದು ಎಳೆದು ಉದ್ದವಾಗುತ್ತದೆ, ಆಮೇಲೆ ಒಮ್ಮೆಲೇ ಕಿತ್ತುಕೊಂಡು ಬರುತ್ತದೆ.

ಇದರ ಹಿಂದೆ ನಾಲ್ಕು ಕೆಲಸಗಳಿವೆ. ಮುಂದಿನ ಅಂಚಿನಲ್ಲಿ ಆರ್ಪ್ 2/3 ಎಂಬ ಪ್ರೋಟೀನ್ ಗುಂಪು ಹಳೆಯ ಆಕ್ಟಿನ್ ಎಳೆಯ ಮೈಗೆ ಕೂತು, ಸುಮಾರು 70 ಡಿಗ್ರಿ ಕೋನದಲ್ಲಿ ಹೊಸ ಕವಲು ಹೊರಡಿಸುತ್ತದೆ. ಕವಲಿಗೆ ಕವಲು ಸೇರಿ ಪೊರೆಯನ್ನು ಮುಂದಕ್ಕೆ ತಳ್ಳುತ್ತವೆ. ಆಮೇಲೆ ಹಿಡಿತ. ಪೊರೆಯ ಮೇಲಿರುವ ಇಂಟೆಗ್ರಿನ್ ಎಂಬ ಪ್ರೋಟೀನ್ ಹೊರಗಿನ ನಾರುಗಳನ್ನು ಹಿಡಿಯುತ್ತದೆ. ಒಳಗಿನ ಆಕ್ಟಿನ್‌ಗೂ ಅದಕ್ಕೂ ಟ್ಯಾಲಿನ್, ವಿಂಕ್ಯುಲಿನ್ ಗಂಟು ಹಾಕುತ್ತವೆ. ಮೂರನೆಯದು ಎಳೆತ. ನಮ್ಮ ಸ್ನಾಯುವಿನಲ್ಲಿರುವ ಮಯೋಸಿನ್‌ನ ದಾಯಾದಿಯೊಂದು ಇಲ್ಲಿ ಆಕ್ಟಿನ್ ಎಳೆಗಳನ್ನು ಒಂದರ ಮೇಲೊಂದು ಜಾರಿಸಿ ಕೋಶದ ಮೈಯನ್ನು ಬಿಗಿಯುತ್ತದೆ. ಕೊನೆಗೆ ಹಿಂದಿನ ಹಿಡಿತ ಬಿಡಬೇಕು. ಕೋಫಿಲಿನ್ ಹಳೆಯ ಎಳೆಗಳನ್ನು ತುಂಡು ಮಾಡುತ್ತದೆ, ಆ ತುಂಡುಗಳು ಮತ್ತೆ ಮುಂದಿನ ಕೆಲಸಕ್ಕೆ ಬರುತ್ತವೆ.

ಯಾವಾಗ ಚಾಚಬೇಕು, ಯಾವಾಗ ಬಿಗಿಯಬೇಕು ಅಂತ ಹೇಳುವವರು ಬೇರೆ ಇದ್ದಾರೆ. ರೋ, ರ್‍ಯಾಕ್, ಸಿಡಿಸಿ42 ಎಂಬ ಮೂರು ಸಣ್ಣ ಪ್ರೋಟೀನುಗಳು. ರ್‍ಯಾಕ್ ಚಾಲೂ ಆದರೆ ಅಂಚು ಚಾಚುತ್ತದೆ, ರೋ ಚಾಲೂ ಆದರೆ ಮೈ ಬಿಗಿಯುತ್ತದೆ. 1992ರಲ್ಲಿ ಆನ್ ರಿಡ್ಲಿ ಮತ್ತು ಆಲನ್ ಹಾಲ್ ಇದನ್ನು ತೋರಿಸಿಕೊಟ್ಟರು. ಕೋಶದ ಓಡಾಟದ ಬಗ್ಗೆ ಇವತ್ತು ನಾವು ಏನೇ ಮಾತಾಡಿದರೂ ಆ ಕೆಲಸದ ಮೇಲೆ ನಿಂತೇ ಮಾತಾಡುತ್ತೇವೆ ಅನ್ನುವುದು ನನ್ನ ಅಭಿಪ್ರಾಯ.

ನಡೆಯುವುದು ಕ್ಯಾನ್ಸರ್ ಕೋಶ ಮಾತ್ರವಾ?

ಅಲ್ಲ. ಗಾಯ ಮಾಯುವಾಗ ಚರ್ಮದ ಕೋಶಗಳು ನಡೆದು ಬಂದು ಜಾಗ ತುಂಬುತ್ತವೆ. ಬಿಳಿ ರಕ್ತಕಣಗಳು ದಿನಾ ನಡೆಯುತ್ತವೆ. ಹೊಟ್ಟೆಯಲ್ಲಿ ಮಗು ಬೆಳೆಯುವಾಗ ಕೋಶಗಳು ದೂರದೂರ ಹೋಗಿ ತಮ್ಮ ಜಾಗ ಸೇರುತ್ತವೆ. ಕ್ಯಾನ್ಸರ್ ಕೋಶ ಹೊಸದೇನನ್ನೂ ಕಂಡುಹಿಡಿದಿಲ್ಲ. ಮೈಯಲ್ಲಿ ಮೊದಲೇ ಇದ್ದ ವಿದ್ಯೆಯನ್ನು ಹೊತ್ತಲ್ಲದ ಹೊತ್ತಿನಲ್ಲಿ ಬಳಸುತ್ತದೆ. ಇದರ ಔಷಧ ಹುಡುಕುವುದು ಯಾಕೆ ಕಷ್ಟ ಎಂಬುದಕ್ಕೂ ಕಾರಣ ಇದೇ. ಅದನ್ನು ಮುಂದೆ ಹೇಳುತ್ತೇನೆ.

ಹಾಗಾದರೆ ಕ್ಯಾನ್ಸರ್ ಕೋಶದಲ್ಲಿ ಏನು ಬದಲಾಗುತ್ತದೆ?

ಬಾಯಿ, ಸ್ತನ, ಗರ್ಭಕೊರಳು, ಕರುಳು, ಇವುಗಳ ಒಳಪದರದ ಕೋಶಗಳು ಅಕ್ಕಪಕ್ಕದವನ್ನು ಬಿಗಿಯಾಗಿ ಹಿಡಿದುಕೊಂಡು ಇರುತ್ತವೆ. ಹಿಡಿದಿಡುವುದು ಇ-ಕ್ಯಾಡೆರಿನ್ ಎಂಬ ಪ್ರೋಟೀನ್. ಒಳಗೆ ಅದು ಆಕ್ಟಿನ್‌ಗೆ ಕಟ್ಟಿಕೊಂಡಿರುತ್ತದೆ. ಕ್ಯಾನ್ಸರ್ ಬೆಳೆಯುತ್ತಾ ಹೋದ ಹಾಗೆ ಕೆಲವು ಕೋಶಗಳಲ್ಲಿ ಇ-ಕ್ಯಾಡೆರಿನ್ ಕಡಿಮೆಯಾಗುತ್ತದೆ, ಕೆರಾಟಿನ್ ಇಳಿಯುತ್ತದೆ, ವೈಮೆಂಟಿನ್ ಏರುತ್ತದೆ. ಕೋಶ ಉದ್ದವಾಗಿ, ಒಂಟಿಯಾಗಿ ಓಡಾಡುವ ಹಾಗೆ ಆಗುತ್ತದೆ.

ಆದರೆ ಎಲ್ಲ ಕ್ಯಾನ್ಸರಿನಲ್ಲೂ ಹೀಗೇ ಆಗುತ್ತದೆ ಅಂತಿಲ್ಲ. ಬಾಯಿ ಕ್ಯಾನ್ಸರಿನಲ್ಲಿ ಬಹಳ ಸಲ ಕೋಶಗಳು ಕೈ ಬಿಡದೆ, ಗುಂಪು ಗುಂಪಾಗಿಯೇ ಒಳಗೆ ನುಗ್ಗುತ್ತವೆ. ಇನ್ನು ಕೆಲವು ಕೋಶಗಳು ಯಾವುದನ್ನೂ ಗಟ್ಟಿಯಾಗಿ ಹಿಡಿಯುವುದಿಲ್ಲ. ಮೈ ಬಿಗಿದು, ಪೊರೆಯನ್ನು ಅಲ್ಲಲ್ಲಿ ಗುಳ್ಳೆಯಾಗಿ ಉಬ್ಬಿಸಿ, ಅಮೀಬಾದಂತೆ ನುಸುಳುತ್ತವೆ. ಕಷ್ಟ ಎಲ್ಲಿದೆ ಅಂದರೆ, ಒಂದೇ ಕೋಶ ಒಂದು ದಾರಿ ಮುಚ್ಚಿದರೆ ಇನ್ನೊಂದು ನಡಿಗೆಗೆ ಬದಲಾಗಬಲ್ಲದು.

ಇದರ ಜೊತೆಗೆ ಇನ್ನೊಂದು ಆಯುಧವೂ ಇದೆ. ಕೋಶದ ತಳದಲ್ಲಿ ಆಕ್ಟಿನ್ ಒತ್ತಾಗಿ ಕೂಡಿ ಸಣ್ಣ ಮೊನೆಗಳು ಏಳುತ್ತವೆ. ಅವುಗಳ ತುದಿಯಿಂದ ಸುತ್ತಲಿನ ನಾರನ್ನು ಕರಗಿಸುವ ಕಿಣ್ವಗಳು ಹೊರಬರುತ್ತವೆ. ಇವಕ್ಕೆ ಇನ್ವೆಡೋಪೋಡಿಯಾ ಅನ್ನುತ್ತಾರೆ. ಒಳಪದರದ ಕೆಳಗಿರುವ ತಡೆಯನ್ನು ತೂತು ಮಾಡುವುದು ಇವೇ.

ದಿನಕ್ಕೆ ಎಷ್ಟು ದೂರ ಹೋಗುತ್ತವೆ?

ಬಹಳ ನಿಧಾನ. ಲ್ಯಾಬಿನಲ್ಲಿ ಅಳೆದರೆ ಗಂಟೆಗೆ ಹತ್ತಿಪ್ಪತ್ತು ಮೈಕ್ರಾನ್ ಆಸುಪಾಸು, ಕೆಲವು ಸ್ವಲ್ಪ ಜಾಸ್ತಿ. ಒಂದು ಮಿಲಿಮೀಟರಿಗೆ 1000 ಮೈಕ್ರಾನ್. ಗಂಟೆಗೆ 20 ಮೈಕ್ರಾನಿನಂತೆ ನೆಟ್ಟಗೆ ಹೋದರೂ ಒಂದು ಮಿಲಿಮೀಟರ್ ದಾಟಲು ಎರಡು ದಿನ ಬೇಕು. ನೆಟ್ಟಗಂತೂ ಹೋಗುವುದಿಲ್ಲ. ಬಿಳಿ ರಕ್ತಕಣ ನಿಮಿಷಕ್ಕೆ ಸುಮಾರು 10 ಮೈಕ್ರಾನ್ ಓಡುತ್ತದೆ.

ಆದರೆ ಕ್ಯಾನ್ಸರ್ ಕೋಶ ಇಡೀ ದೂರವನ್ನು ನಡೆದೇ ಹೋಗಬೇಕಿಲ್ಲ. ಹತ್ತಿರದ ರಕ್ತನಾಳವೋ ದುಗ್ಧನಾಳವೋ (ಮೈಯೊಳಗಿನ ತಿಳಿ ದ್ರವ ಹರಿಯುವ ಲಿಂಫ್ ನಾಳ) ಸಿಗುವ ತನಕ ನಡೆದರೆ ಸಾಕು, ಮುಂದಿನ ದೂರವನ್ನು ಹರಿವು ನೋಡಿಕೊಳ್ಳುತ್ತದೆ. ಇಳಿದ ಜಾಗದಲ್ಲಿ ನಾಳದಿಂದ ಹೊರಬರಲು ಮತ್ತೆ ಎಳೆಗಳ ಕೆಲಸ ಶುರು.

ಧೈರ್ಯ ಕೊಡುವ ಒಂದು ಮಾತೂ ಇದೆ. 1970ರಲ್ಲಿ ಐಸಾಯ ಫಿಡ್ಲರ್ ಇಲಿಗಳ ರಕ್ತಕ್ಕೆ ಗುರುತು ಹಾಕಿದ ಕ್ಯಾನ್ಸರ್ ಕೋಶ ಬಿಟ್ಟು ಲೆಕ್ಕ ಇಟ್ಟರು. ಕೊನೆಗೆ ನೂರಕ್ಕೆ ಒಂದೂ ಉಳಿಯಲಿಲ್ಲ. ರಕ್ತದ ಹೊಡೆತ, ರೋಗನಿರೋಧಕ ಕಣಗಳು, ಹೊಸ ಜಾಗದ ಒಗ್ಗದ ವಾತಾವರಣ, ಇವುಗಳ ನಡುವೆ ಬಹುಪಾಲು ಸಾಯುತ್ತವೆ.

ಅಷ್ಟು ಇಕ್ಕಟ್ಟಿನಲ್ಲಿ ನುಸುಳುವಾಗ ಕೋಶಕ್ಕೆ ಏನೂ ಆಗುವುದಿಲ್ಲವಾ?

ಆಗುತ್ತದೆ. ಕೋಶದ ಮೈ ಹೇಗೆ ಬೇಕಾದರೂ ಹಿಂಡಿಕೊಳ್ಳುತ್ತದೆ, ಆದರೆ ನಡುವಿನ ನ್ಯೂಕ್ಲಿಯಸ್ ಗಟ್ಟಿ. ಕಂಡಿ ತೀರಾ ಸಣ್ಣದಾಗಿ, ಅದರ ವಿಸ್ತೀರ್ಣ ನ್ಯೂಕ್ಲಿಯಸ್ಸಿನ ಅಡ್ಡಕೊಯ್ತದ ವಿಸ್ತೀರ್ಣದ ಹತ್ತನೇ ಒಂದು ಪಾಲಿಗೆ ಇಳಿದರೆ, ನಾರು ಕರಗಿಸುವ ಕಿಣ್ವ ಇಲ್ಲದ ಕೋಶ ಅಲ್ಲೇ ಸಿಕ್ಕಿಬೀಳುತ್ತದೆ. 2013ರಲ್ಲಿ ಇದನ್ನು ಅಳೆದು ತೋರಿಸಿದ್ದಾರೆ. 2016ರಲ್ಲಿ ಎರಡು ತಂಡಗಳು ಇನ್ನೂ ಒಂದು ಸಂಗತಿ ಕಂಡವು. ಬಲವಂತದಿಂದ ನುಸುಳುವಾಗ ನ್ಯೂಕ್ಲಿಯಸ್ಸಿನ ಪೊರೆ ಹರಿಯುತ್ತದೆ, ಡಿಎನ್‌ಎಗೆ ಪೆಟ್ಟಾಗುತ್ತದೆ, ಕೋಶ ಆ ಹರುಕನ್ನು ರಿಪೇರಿ ಮಾಡಿಕೊಂಡು ಮುಂದೆ ಹೋಗುತ್ತದೆ.

ಗಡ್ಡೆ ಕೈಗೆ ಕಲ್ಲಿನಷ್ಟು ಗಟ್ಟಿ ಹತ್ತುತ್ತದಲ್ಲ, ಮತ್ತೆ ಕೋಶ ಮೆತ್ತಗೆ ಅಂತೀರಿ?

ಎರಡೂ ನಿಜ. ಗಟ್ಟಿ ಹತ್ತುವುದು ಕೋಶಗಳ ಸುತ್ತ ಜಾಸ್ತಿಯಾದ ಕೊಲಾಜನ್ ನಾರಿನಿಂದ. ಒಳಗಿನ ಒಂದೊಂದು ಕ್ಯಾನ್ಸರ್ ಕೋಶ ಸಾಮಾನ್ಯವಾಗಿ ಮೆತ್ತಗಿರುತ್ತದೆ. 2007ರಲ್ಲಿ ರೋಗಿಗಳ ಎದೆಯ ನೀರಿನಿಂದ ತೆಗೆದ ಕೋಶಗಳನ್ನು ಸೂಕ್ಷ್ಮ ಮೊನೆಯಿಂದ ಒತ್ತಿ ನೋಡಿದರು. ಕ್ಯಾನ್ಸರ್ ಕೋಶಗಳು ಆರೋಗ್ಯದ ಕೋಶಗಳಿಗಿಂತ ಶೇಕಡಾ 70ಕ್ಕೂ ಹೆಚ್ಚು ಮೆತ್ತಗಿದ್ದವು. ಮೆತ್ತಗಿದ್ದರೆ ನುಸುಳುವುದು ಸುಲಭ. ಸುತ್ತಲಿನ ನಾರು ಗಟ್ಟಿಯಾದಷ್ಟೂ ಇಂಟೆಗ್ರಿನ್‌ಗೆ ಒಳ್ಳೆಯ ಹಿಡಿತ ಸಿಗುತ್ತದೆ, ಎಳೆತಕ್ಕೆ ಜೋರು ಬರುತ್ತದೆ.

"ಹುಣ್ಣು ಬಾಯಾಗ ಅದ, ಕುತ್ತಿಗಿ ಯಾಕ ಕೊಯ್ತಾರ್ರಿ?"

ನಮ್ಮ ಕಡೆ ಇದು ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ. ತಂಬಾಕು ದವಡೆಯಲ್ಲಿಟ್ಟುಕೊಳ್ಳುವ ಚಾಳಿ ಇಲ್ಲಿ ಗಂಡಸರು ಹೆಂಗಸರು ಇಬ್ಬರಲ್ಲೂ ಇದೆ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾದರೂ ಚಾಳಿ ಹೋಗಿಲ್ಲ. ಕೆನ್ನೆಯ ಒಳಗೆ, ನಾಲಿಗೆಯ ಬದಿಗೆ ಹುಣ್ಣಾಗುತ್ತದೆ. ಆಪರೇಷನ್ ಅಂದಾಗ ಡಾಕ್ಟರ್ ಕುತ್ತಿಗೆಯ ಗಂಟುಗಳನ್ನೂ (ಲಿಂಫ್ ನೋಡ್) ತೆಗೆಯಬೇಕು ಅನ್ನುತ್ತಾರೆ. ಮನೆಯವರು ಗಾಬರಿಯಾಗುತ್ತಾರೆ, ಸುಮ್ನೆ ಜಾಸ್ತಿ ಕೊಯ್ಯುತ್ತಿದ್ದಾರೆ ಅಂತ ಅನುಮಾನ ಪಡುತ್ತಾರೆ.

ಬಾಯಿಯ ದುಗ್ಧನಾಳಗಳು ದವಡೆಯ ಕೆಳಗಿನ ಮತ್ತು ಕುತ್ತಿಗೆಯ ಗಂಟುಗಳಿಗೇ ಹೋಗಿ ಸೇರುತ್ತವೆ. ಹುಣ್ಣಿನ ಕೋಶ ಕೆಲವು ಮಿಲಿಮೀಟರ್ ಆಳಕ್ಕೆ ನಡೆದು ಈ ನಾಳಕ್ಕೆ ಬಿದ್ದರೆ, ಮೊದಲು ತಲುಪುವ ಜಾಗ ಕುತ್ತಿಗೆ. ಅದಕ್ಕೇ ಈಗ ಬಾಯಿ ಕ್ಯಾನ್ಸರಿನ ಹಂತ ಹೇಳುವಾಗ ಹುಣ್ಣಿನ ಅಗಲ ಒಂದೇ ಸಾಲದು, ಆಳವನ್ನೂ ನೋಡುತ್ತಾರೆ. 2018ರಿಂದ ಜಾರಿಗೆ ಬಂದ ಪದ್ಧತಿಯಲ್ಲಿ 5 ಮಿಲಿಮೀಟರ್ ಮತ್ತು 10 ಮಿಲಿಮೀಟರ್ ಆಳದ ಗೆರೆಗಳಿವೆ. ಕೋಶ ಎಷ್ಟು ದೂರ ನಡೆದಿದೆ ಅನ್ನುವುದರ ಅಳತೆಯೇ ಅದು.

ಕೈಗೆ ಗಂಟು ಹತ್ತದಿದ್ದರೂ ಕುತ್ತಿಗೆಯ ಗಂಟುಗಳನ್ನು ತೆಗೆಯಬೇಕಾ? ಇದಕ್ಕೆ ಗಟ್ಟಿ ಉತ್ತರ ಸಿಕ್ಕಿದ್ದು ನಮ್ಮ ದೇಶದಿಂದಲೇ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಶುರುವಿನ ಹಂತದ ಬಾಯಿ ಕ್ಯಾನ್ಸರ್ ರೋಗಿಗಳ ಮೇಲೆ ನಡೆಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಮೊದಲ ಆಪರೇಷನ್ ಜೊತೆಗೇ ಕುತ್ತಿಗೆಯ ಗಂಟು ತೆಗೆಸಿಕೊಂಡವರಲ್ಲಿ ಮೂರು ವರ್ಷದ ನಂತರ ಶೇಕಡಾ 80 ಮಂದಿ ಬದುಕಿದ್ದರು. ಗಂಟು ಕಂಡ ಮೇಲೆ ನೋಡೋಣ ಅಂತ ಬಿಟ್ಟವರಲ್ಲಿ ಶೇಕಡಾ 67.5. ಈ ಅಂತರ ಸಣ್ಣದಲ್ಲ. ಕುತ್ತಿಗೆ ಕೊಯ್ಯುವ ಮಾತು ಬಂದಾಗ ಇದನ್ನು ನೆನಪಿಟ್ಟುಕೊಂಡು ಡಾಕ್ಟರ್ ಜೊತೆ ಮಾತಾಡಿ ಅಂತ ಎಲ್ಲರಿಗೂ ಹೇಳುತ್ತೇನೆ.

"ಸೂಜಿ ಚುಚ್ಚಿದ್ರ ಗಡ್ಡಿ ಮೈತುಂಬ ಹಬ್ತದಂತ, ಖರೇ ಏನ್ರಿ?"

ಈ ಹೆದರಿಕೆಯಿಂದ ತಿಂಗಳುಗಟ್ಟಲೆ ಪರೀಕ್ಷೆಗೆ ಹೋಗದೆ ಕೂತವರನ್ನು ನೋಡಿದ್ದೇನೆ. ಬಹಳ ಸಂಕಟ ಆಗುತ್ತದೆ. ಸೂಜಿಯ ದಾರಿಯಲ್ಲಿ ಕೋಶ ಉಳಿದು ಬೆಳೆಯುವುದು ತೀರಾ ಅಪರೂಪ. ಎಲ್ಲೆಲ್ಲಿ ಎಚ್ಚರ ಬೇಕೋ ಅಲ್ಲಿ, ಉದಾಹರಣೆಗೆ ಎಲುಬಿನ ಗಡ್ಡೆಗಳಲ್ಲಿ, ಸೂಜಿ ಯಾವ ದಾರಿಯಲ್ಲಿ ಹೋಗಬೇಕು ಅಂತ ಡಾಕ್ಟರುಗಳು ಮೊದಲೇ ಯೋಚಿಸಿರುತ್ತಾರೆ. ಮೇಲೆ ಓದಿದಿರಲ್ಲ, ಹಬ್ಬುವ ಕೋಶಕ್ಕೆ ಹಿಡಿತ ಬಿಡಬೇಕು, ತಡೆ ಕೊರೆಯಬೇಕು, ನಾಳದೊಳಗೆ ನುಗ್ಗಬೇಕು, ರಕ್ತದಲ್ಲಿ ಬದುಕಬೇಕು, ಮತ್ತೆ ಹೊರಬಂದು ಬೇರೂರಬೇಕು. ಈ ಗುಣ ಕೋಶದೊಳಗೇ ಬಂದಿರಬೇಕು. ಒಂದು ಸೂಜಿ ಅದನ್ನು ಕೊಡುವುದಿಲ್ಲ. ಪರೀಕ್ಷೆ ಮುಂದೂಡಿದ ಪ್ರತಿ ತಿಂಗಳೂ ಕೋಶಕ್ಕೆ ನಡೆಯಲು ಸಿಕ್ಕ ತಿಂಗಳು.

ಗಾಳಿ ತಾಗಿದರೆ ಹಬ್ಬುತ್ತದೆ ಅನ್ನುವ ಮಾತೂ ಸುಳ್ಳು. ಹೊಟ್ಟೆ ತೆರೆದು ನೋಡಿದಾಗ ರೋಗ ಮೊದಲೇ ಹಬ್ಬಿದ್ದು ಕಂಡಿರುತ್ತದೆ, ಅಷ್ಟೇ. ಆದರೆ ಗಡ್ಡೆಯನ್ನು ಎಣ್ಣೆ ಹಚ್ಚಿ ತಿಕ್ಕಿಸುವುದು, ಹಿಸುಕುವುದು, ಕಾದ ಕಬ್ಬಿಣದಿಂದ ಬರೆ ಹಾಕಿಸುವುದು ಮಾತ್ರ ಬೇಡವೇ ಬೇಡ. ಕಲಬುರಗಿಯಲ್ಲೇ ಕಿದ್ವಾಯಿ ಸಂಸ್ಥೆಯ ಕೇಂದ್ರ ಇದೆ. ಸೊಲ್ಲಾಪುರ, ಬಾರ್ಶಿ, ಹೈದರಾಬಾದಿಗೆ ಹೋಗುವವರೂ ಇದ್ದಾರೆ. ಎಲ್ಲಿಗಾದರೂ ಸರಿ, ಬೇಗ ಹೋಗಿ.

ರಿಪೋರ್ಟಿನಲ್ಲಿ ಸೈಟೋಕೆರಾಟಿನ್ ಪಾಸಿಟಿವ್, ವೈಮೆಂಟಿನ್ ನೆಗೆಟಿವ್ ಅಂತ ಬರೆದಿದೆ. ಏನರ್ಥ?

ಗಡ್ಡೆಯ ತೆಳು ಚೂರನ್ನು ಗಾಜಿನ ಮೇಲಿಟ್ಟು, ಒಂದೊಂದು ಪ್ರೋಟೀನನ್ನು ಹುಡುಕಿ ಹಿಡಿಯುವ ಆಂಟಿಬಾಡಿ ಹಾಕುತ್ತಾರೆ. ಪ್ರೋಟೀನ್ ಇದ್ದ ಕಡೆ ಕಂದು ಬಣ್ಣ ಬರುತ್ತದೆ, ಇಲ್ಲದ ಕಡೆ ನ್ಯೂಕ್ಲಿಯಸ್ಸುಗಳ ನೀಲಿ ಮಾತ್ರ. ಕೆರಾಟಿನ್ ಕಂದಾಗಿ ಕಂಡರೆ ಗಡ್ಡೆ ಒಳಪದರದ ಕೋಶಗಳಿಂದ ಹುಟ್ಟಿದ್ದಿರಬಹುದು. ಯಾವ ಕೆರಾಟಿನ್ ಅನ್ನುವುದರಿಂದ ಹುಟ್ಟಿದ ಅಂಗದ ಸುಳಿವೂ ಸಿಗುತ್ತದೆ. ಲಿವರಿನಲ್ಲಿ ಗಡ್ಡೆ ಕಂಡು ಮೂಲ ಎಲ್ಲಿದೆ ಗೊತ್ತಿಲ್ಲ ಅಂದಾಗ ಇದು ಬಹಳ ಉಪಯೋಗಕ್ಕೆ ಬರುತ್ತದೆ. ಕೋಶ ಅಷ್ಟು ದೂರ ಬಂದ ಮೇಲೂ ತವರಿನ ಎಳೆಗಳನ್ನು ಪೂರ್ತಿ ಬಿಟ್ಟಿರುವುದಿಲ್ಲ.

ವೈಮೆಂಟಿನ್ ಪಾಸಿಟಿವ್ ಅಂದ ಕೂಡಲೇ ರೋಗ ಹಬ್ಬಿದೆ ಅಂತ ಇಂಟರ್ನೆಟ್ಟಿನಲ್ಲಿ ಓದಿ ಅಳುತ್ತಾ ಕೂರಬೇಡಿ. ಕಿಡ್ನಿಯ ಮತ್ತು ಗರ್ಭಕೋಶದ ಒಳಪದರದ ಕ್ಯಾನ್ಸರುಗಳಲ್ಲಿ ಅದು ಸಾಮಾನ್ಯವಾಗಿಯೇ ಇರುತ್ತದೆ. ಒಂದೇ ಸಾಲು ನೋಡಿ ಏನೂ ತೀರ್ಮಾನ ಆಗುವುದಿಲ್ಲ.

ಈ ಎಳೆಗಳಿಗೆ ಹೊಡೆಯುವ ಔಷಧ ಇದೆಯಾ?

ಇದೆ, ಅದೂ ಹಳೆಯದು. ಮನೆ ಅಂಗಳದಲ್ಲಿ, ಗುಡಿಯ ಮುಂದೆ ಗುಲಾಬಿ-ಬಿಳಿ ಬಣ್ಣದ ಐದೆಸಳಿನ ನಿತ್ಯಪುಷ್ಪ ನೋಡಿರುತ್ತೀರಿ. ಅದರ ಎಲೆಯಿಂದ 1958ರಲ್ಲಿ ಕೆನಡಾದಲ್ಲಿ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ವಿನ್‌ಬ್ಲಾಸ್ಟಿನ್ ಬೇರ್ಪಡಿಸಿದರು. ಅದರ ಜೊತೆಗಾರ ವಿನ್‌ಕ್ರಿಸ್ಟಿನ್ 1963ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. ಮಕ್ಕಳ ರಕ್ತದ ಕ್ಯಾನ್ಸರಿಗೆ ಇವತ್ತಿಗೂ ಕೊಡುತ್ತಾರೆ. ಇವು ಮೈಕ್ರೋಟ್ಯೂಬ್ಯೂಲ್ ಕಟ್ಟದಂತೆ ತಡೆಯುತ್ತವೆ. ಪ್ಯಾಕ್ಲಿಟ್ಯಾಕ್ಸೆಲ್ ತಿರುವುಮುರುವು, ಕಟ್ಟಿದ್ದು ಬಿಚ್ಚದಂತೆ ಹಿಡಿಯುತ್ತದೆ. ಅದು ಅಮೆರಿಕದ ಯೂ ಮರದ ತೊಗಟೆಯಿಂದ ಸಿಕ್ಕಿದ್ದು. ಅದರ ರಚನೆಯನ್ನು 1971ರಲ್ಲಿ ಮನ್ರೋ ವಾಲ್ ಜೊತೆ ಬಿಡಿಸಿದವರಲ್ಲಿ ಮನ್ಸುಖ್ ವಾಣಿ ನಮ್ಮ ಪಕ್ಕದ ಮಹಾರಾಷ್ಟ್ರದಲ್ಲಿ ಹುಟ್ಟಿದವರು. ಅದು ಕೆಲಸ ಮಾಡುವ ಬಗೆಯನ್ನು 1979ರಲ್ಲಿ ಸೂಸನ್ ಹಾರ್ವಿಟ್ಜ್ ಕಂಡುಕೊಂಡರು.

ಇವೆಲ್ಲ ಮುಖ್ಯವಾಗಿ ಕೋಶ ಎರಡಾಗುವುದನ್ನು ನಿಲ್ಲಿಸುವ ಔಷಧಗಳು. ನಡಿಗೆ ನಿಲ್ಲಿಸಲೆಂದೇ ಮಾಡಿದ್ದಲ್ಲ. ಒಂದು ಎಚ್ಚರಿಕೆ: ನಿತ್ಯಪುಷ್ಪದ ಎಲೆ ಅರೆದು ಕುಡಿಯಬೇಡಿ. ಆ ಗಿಡ ವಿಷದ್ದು. ಆಸ್ಪತ್ರೆಯ ಸೂಜಿಯಲ್ಲಿ ಬರುವುದು ನೂರಾರು ಕಿಲೋ ಒಣ ಎಲೆಯಿಂದ ಬೇರ್ಪಡಿಸಿ, ಅಳೆದು ಕೊಡುವ ಮಿಲಿಗ್ರಾಂ ಲೆಕ್ಕದ ಔಷಧ.

ಕೀಮೋ ಆದ ಮೇಲೆ ಅಂಗಾಲು ಜುಮ್ಮೆನ್ನುತ್ತದೆ, ಗುಂಡಿ ಹಾಕಲು ಬರುವುದಿಲ್ಲ. ಯಾಕೆ?

ಸೊಂಟದಿಂದ ಪಾದದ ತನಕ ಹೋಗುವ ನರದ ಎಳೆ ಸುಮಾರು ಒಂದು ಮೀಟರ್ ಉದ್ದ. ತುದಿಗೆ ಬೇಕಾದ ಸಾಮಾನೆಲ್ಲ ಮೈಕ್ರೋಟ್ಯೂಬ್ಯೂಲ್ ಮೇಲೆಯೇ ಸಾಗಬೇಕು. ಔಷಧ ಅವನ್ನೂ ಕೆಡಿಸಿದಾಗ ಮೊದಲು ಸೊರಗುವುದು ಅತಿ ಉದ್ದದ ನರಗಳ ತುದಿ, ಅಂದರೆ ಪಾದ ಮತ್ತು ಬೆರಳು. ಸಹಿಸಿಕೊಂಡು ಸುಮ್ಮನಿರಬೇಡಿ, ಮುಂದಿನ ಡೋಸಿಗೆ ಮೊದಲೇ ಡಾಕ್ಟರಿಗೆ ಹೇಳಿ. ಅವರು ಡೋಸ್ ಇಳಿಸಬಹುದು, ಔಷಧ ಬದಲಿಸಬಹುದು. ಸಕ್ಕರೆ ಕಾಯಿಲೆ ಇದ್ದರೆ ಅದನ್ನೂ ಹೇಳಿ. ಬರಿಗಾಲಲ್ಲಿ ಹೊಲಕ್ಕೆ ಹೋಗಬೇಡಿ. ಮುಳ್ಳು ಚುಚ್ಚಿದ್ದೇ ಗೊತ್ತಾಗದೆ ಹೋಗಬಹುದು.

ನಡಿಗೆಯನ್ನೇ ನಿಲ್ಲಿಸುವ ಔಷಧ ಯಾಕೆ ಇಲ್ಲ?

ಆಕ್ಟಿನ್ ಕಟ್ಟುವುದನ್ನು ನಿಲ್ಲಿಸುವ ವಸ್ತುಗಳು ಲ್ಯಾಬಿನಲ್ಲಿವೆ, ಸೈಟೋಕಲಾಸಿನ್, ಲ್ಯಾಟ್ರಂಕುಲಿನ್ ಅಂತ. ಮನುಷ್ಯರಿಗೆ ಕೊಡಲು ಆಗುವುದಿಲ್ಲ. ಹೃದಯ ಬಡಿಯುವುದೂ ಆಕ್ಟಿನ್‌ನಿಂದಲೇ. ನಾರು ಕರಗಿಸುವ ಕಿಣ್ವಗಳನ್ನು ತಡೆಯುವ ಔಷಧಗಳನ್ನು 1990ರ ದಶಕದಲ್ಲಿ ಬಹಳ ಆಸೆಯಿಂದ ರೋಗಿಗಳ ಮೇಲೆ ಪರೀಕ್ಷಿಸಿದರು. ಫಲ ಕೊಡಲಿಲ್ಲ, ಕೀಲುನೋವು ವಿಪರೀತ ಬಂತು. ರೋ ಹೇಳಿದ್ದನ್ನು ಮಾಡುವ ಕಿಣ್ವವನ್ನು ತಡೆಯುವ ಫಾಸುಡಿಲ್ ಜಪಾನಿನಲ್ಲಿ 1995ರಿಂದ ಇದೆ. ಆದರೆ ಅದು ಮಿದುಳಿನ ರಕ್ತನಾಳದ ಸೆಳೆತಕ್ಕೆ, ಕ್ಯಾನ್ಸರಿಗಲ್ಲ.

ಪರೀಕ್ಷೆಯ ರೀತಿಯಲ್ಲೂ ತೊಡಕಿದೆ. ಕ್ಯಾನ್ಸರ್ ಔಷಧವನ್ನು ಗಡ್ಡೆ ಎಷ್ಟು ಕರಗಿತು ಅಂತ ಅಳೆಯುತ್ತಾರೆ. ನಡಿಗೆ ನಿಲ್ಲಿಸುವ ಔಷಧ ಗಡ್ಡೆಯನ್ನು ಕರಗಿಸುವುದಿಲ್ಲ, ಮುಂದೆ ಬರಬಹುದಾದದ್ದನ್ನು ತಡೆಯುತ್ತದೆ. ಅದನ್ನು ತೋರಿಸಲು ವರ್ಷಗಟ್ಟಲೆ ಕಾಯಬೇಕು, ಖರ್ಚೂ ಜಾಸ್ತಿ. 2017ರಲ್ಲಿ ಪ್ರಾಗ್‌ನ ವಿಜ್ಞಾನಿಗಳು ಇಂಥ ಔಷಧಗಳನ್ನು ಮೈಗ್ರಾಸ್ಟ್ಯಾಟಿಕ್ಸ್ ಅಂತ ಬೇರೆ ವರ್ಗವಾಗಿಯೇ ನೋಡಬೇಕು ಅಂತ ವಾದ ಮಂಡಿಸಿದರು. ನನಗೆ ಆ ವಾದ ಸರಿ ಅನ್ನಿಸುತ್ತದೆ. ಕ್ಯಾನ್ಸರಿನಿಂದ ಸಾಯುವವರಲ್ಲಿ ಬಹಳ ಮಂದಿ ಸಾಯುವುದು ಮೊದಲ ಗಡ್ಡೆಯಿಂದಲ್ಲ, ಹಬ್ಬಿದ ಗಡ್ಡೆಗಳಿಂದ. ಹೀಗಿರುವಾಗ ಹಬ್ಬುವುದನ್ನೇ ತಡೆಯುವ ಕೆಲಸಕ್ಕೆ ಇನ್ನಷ್ಟು ಗಮನ ಬೇಕು.

ನಮ್ಮ ಕಾಲೇಜಿನ ಮೈಕ್ರೋಸ್ಕೋಪಿನಲ್ಲಿ ಇದು ಏನಾದರೂ ಕಾಣುತ್ತದಾ, ಮೇಡಂ?

ಎಳೆಗಳು ಕಾಣುವುದಿಲ್ಲ, ಅದಕ್ಕೆ ಹೊಳೆಯುವ ಬಣ್ಣ, ಬೇರೆ ಮೈಕ್ರೋಸ್ಕೋಪ್ ಬೇಕು. ಆದರೆ ಅವು ಮಾಡುವ ಕೆಲಸ ಕಾಣುತ್ತದೆ. ಮೀನಿನ ಅಂಗಡಿಯಲ್ಲಿ ತೊಟ್ಟಿಗೆ ಹಾಕಲು ಮಾರುವ ಹೈಡ್ರಿಲಾ ಗಿಡ ತನ್ನಿ. ತುದಿಯ ಎಳೆ ಎಲೆಯೊಂದನ್ನು ನೀರಿನ ಹನಿಯಲ್ಲಿಟ್ಟು, ಮೇಲೆ ಕವರ್ ಸ್ಲಿಪ್ ಮುಚ್ಚಿ, 40ರ ಲೆನ್ಸಿನಲ್ಲಿ ನಡುವಿನ ನರದ ಹತ್ತಿರ ನೋಡಿ. ಮೊದಲು ಏನೂ ಅಲುಗಾಡುವುದಿಲ್ಲ. ದೀಪದ ಬೆಳಕು ಬಿದ್ದು ಸ್ವಲ್ಪ ಹೊತ್ತಾದ ಮೇಲೆ ಹಸಿರು ಕಣಗಳು ಕೋಶದ ಗೋಡೆಯ ಗುಂಟ ಒಂದರ ಹಿಂದೊಂದು ಸುತ್ತು ಹಾಕಲು ಶುರು ಮಾಡುತ್ತವೆ. ಅವನ್ನು ಸಾಗಿಸುತ್ತಿರುವುದು ಆಕ್ಟಿನ್ ಎಳೆ ಮತ್ತು ಮಯೋಸಿನ್. ತಣ್ಣೀರಿನಲ್ಲಿ ಈ ಓಟ ನಿಧಾನವಾಗುತ್ತದೆ. ಹಾಗಾಗಿ ಫ್ರಿಜ್ಜಿನ ನೀರು ಹಾಕಿ ಒಂದು ಸಲ, ಮಾಮೂಲಿ ನೀರು ಹಾಕಿ ಒಂದು ಸಲ, ಒಂದು ಕಣ ಸುತ್ತು ಮುಗಿಸಲು ಎಷ್ಟು ಸೆಕೆಂಡ್ ತೆಗೆದುಕೊಳ್ಳುತ್ತದೆ ಅಂತ ಮೊಬೈಲಿನಲ್ಲಿ ಅಳೆದು ಬರೆದುಕೊಳ್ಳಿ. ನಮ್ಮ ಬೇಸಿಗೆಯಲ್ಲಿ ಎಲೆ ಬೇಗ ಒಣಗುತ್ತದೆ, ಅಂಚಿನಿಂದ ಹನಿ ಹನಿ ನೀರು ಬಿಡುತ್ತಾ ಇರಿ.